ಆಟಕ್ಕುಂಟು, ಲೆಕ್ಕಕ್ಕಿಲ್ಲ: 'ಅಟ್ ಸೆವೆಂಟೀನ್' ಎಂಬ ಹಾಡಿನ ಕಥೆ

1975ರ ಬೇಸಿಗೆಯಲ್ಲಿ ಅಮೆರಿಕದ ರೇಡಿಯೊ ಕೇಂದ್ರಗಳು ಎಡೆಬಿಡದೆ ಬಿತ್ತರಿಸುತ್ತಿದ್ದ ಹಾಡುಗಳು ಬಹುಮಟ್ಟಿಗೆ ಉಲ್ಲಾಸದವು. ಕ್ಯಾಪ್ಟನ್ ಅಂಡ್ ಟೆನಿಲ್ ಜೋಡಿಯ 'ಲವ್ ವಿಲ್ ಕೀಪ್ ಅಸ್ ಟುಗೆದರ್' ಪ್ರೇಮದ ಭರವಸೆಯನ್ನು ಸಾರಿತು. ವ್ಯಾನ್ ಮೆಕಾಯ್ ಅವರ 'ದ ಹಸಲ್' ಜನರನ್ನು ಡಿಸ್ಕೊ ಕುಣಿತಕ್ಕೆ ಎಬ್ಬಿಸಿತು. ಬೇಸಿಗೆ ಮುಗಿಯುವ ಹೊತ್ತಿಗೆ ಗ್ಲೆನ್ ಕ್ಯಾಂಬೆಲ್ ಅವರ 'ರೈನ್‌ಸ್ಟೋನ್ ಕೌಬಾಯ್' ಎಲ್ಲರ ಬಾಯಲ್ಲಿತ್ತು. ಈ ಮೂರೂ ಹಾಡುಗಳು ಬಿಲ್‌ಬೋರ್ಡ್ ಪತ್ರಿಕೆಯ 'ಹಾಟ್ 100' ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವು. ಅದೇ ಪಟ್ಟಿಯಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಮೂರನೆಯ ಸ್ಥಾನಕ್ಕೆ ಏರಿ ನಿಂತ ಇನ್ನೊಂದು ಹಾಡಿತ್ತು. ಅದರಲ್ಲಿ ಕುಣಿತವಿರಲಿಲ್ಲ, ಪ್ರೇಮದ ಗೆಲುವೂ ಇರಲಿಲ್ಲ. ತಾನು ಚೆಲುವೆಯಲ್ಲ, ಆದುದರಿಂದ ತನ್ನನ್ನು ಯಾರೂ ಆರಿಸಿಕೊಳ್ಳುವುದಿಲ್ಲ ಎಂಬುದನ್ನು ಹದಿನೇಳನೆಯ ವಯಸ್ಸಿನಲ್ಲಿ ಅರಿತ ಹೆಣ್ಣೊಬ್ಬಳು ಆ ದಿನಗಳನ್ನು ನೆನೆಯುವ ಹಾಡು ಅದು. ಜಾನಿಸ್ ಇಯನ್ ಬರೆದು, ಸ್ವರ ಹಾಕಿ, ತಾವೇ ಹಾಡಿದ 'ಅಟ್ ಸೆವೆಂಟೀನ್' ಹುಟ್ಟಿದ ಬಗೆ, ಅದಕ್ಕೆ ಅನಿರೀಕ್ಷಿತವಾಗಿ ಒದಗಿದ ಜನಪ್ರಿಯತೆ ಹಾಗೂ ಹೊರನಾಡಿನ ಕನ್ನಡಿಗರು ಅದರಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ, ಇವು ಈ ಲೇಖನದ ವಿಷಯ.

ಬರೆಯುವವರೂ ಹಾಡುವವರೂ ಒಬ್ಬರೇ

ಕನ್ನಡದ ಭಾವಗೀತೆಯ ಪರಂಪರೆಯಲ್ಲಿ ಕವಿ ಒಬ್ಬರು, ಸ್ವರ ಸಂಯೋಜಿಸುವವರು ಮತ್ತೊಬ್ಬರು, ಹಾಡುವವರು ಹಲವರು. ಕೆ. ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಮನೆಮನೆಯ ಹಾಡಾಯಿತು. ಕವಿತೆಯೊಳಗಿನ 'ನಾನು' ಬೇರೆ, ವೇದಿಕೆಯ ಮೇಲೆ ಹಾಡುವವರು ಬೇರೆ ಎಂಬುದು ನಮ್ಮ ಕೇಳುಗರಿಗೆ ಗೊತ್ತು. ಅಮೆರಿಕದಲ್ಲಿ 1970ರ ಆಸುಪಾಸಿನಲ್ಲಿ ಬಲಗೊಂಡ ಬಗೆ ಇದಕ್ಕಿಂತ ಭಿನ್ನ. ಅಲ್ಲಿ ಸಾಹಿತ್ಯ, ಸ್ವರ, ಕಂಠ ಮೂರೂ ಒಬ್ಬರದೇ. 1970ರಲ್ಲಿ ಜೇಮ್ಸ್ ಟೇಲರ್ ಅವರ 'ಸ್ವೀಟ್ ಬೇಬಿ ಜೇಮ್ಸ್', 1971ರಲ್ಲಿ ಕ್ಯಾರೊಲ್ ಕಿಂಗ್ ಅವರ 'ಟ್ಯಾಪೆಸ್ಟ್ರಿ' ಮತ್ತು ಜೋನಿ ಮಿಚೆಲ್ ಅವರ 'ಬ್ಲೂ' ಆಲ್ಬಮ್‌ಗಳು ಈ ಬಗೆಯನ್ನು ನೆಲೆಗೊಳಿಸಿದವು. ಇಲ್ಲಿ 'ನಾನು' ಎಂದರೆ ಹಾಡುವವರೇ ಎಂದು ಕೇಳುಗರು ನಂಬುತ್ತಾರೆ. ಈ ಪ್ರಕಾರದ ಬಲ ಇರುವುದು ಆ ನಂಬಿಕೆಯಲ್ಲಿ, ಅಪಾಯವೂ ಅಲ್ಲಿಯೇ. ನಾಚಿಕೆಯ ಮಾತನ್ನು ಹಾಡಿದರೆ ಆ ನಾಚಿಕೆ ಹಾಡಿದವರಿಗೇ ಅಂಟಿಕೊಳ್ಳುತ್ತದೆ. ಜಾನಿಸ್ ಇಯನ್ ಅವರ ಹಿಂಜರಿಕೆಯನ್ನು ತಿಳಿಯಲು ಈ ಹಿನ್ನೆಲೆ ಅಗತ್ಯ.

ಹದಿನೇಳಕ್ಕೆ ಮೊದಲೇ ಬಂದ ಹೆಸರು

ಜಾನಿಸ್ ಇಯನ್ ಹುಟ್ಟಿದ್ದು 1951ರ ಏಪ್ರಿಲ್ 7ರಂದು. ಬೆಳೆದದ್ದು ಬಹುಪಾಲು ನ್ಯೂಜೆರ್ಸಿಯಲ್ಲಿ. ಯೆಹೂದಿ ಕುಟುಂಬ, ತಂದೆ ಸಂಗೀತದ ಅಧ್ಯಾಪಕರು. ಹುಟ್ಟಿದಾಗಿನ ಹೆಸರು ಜಾನಿಸ್ ಎಡ್ಡಿ ಫಿಂಕ್. ತಮ್ಮನ ನಡುಹೆಸರಾದ 'ಇಯನ್' ಎಂಬುದನ್ನು ಹದಿಮೂರನೆಯ ವಯಸ್ಸಿನ ಸುಮಾರಿಗೆ ತಮ್ಮ ಹೆಸರಿಗೆ ಸೇರಿಸಿಕೊಂಡರು. ಹದಿಹರೆಯ ತುಂಬುವ ಮೊದಲೇ ಹಾಡು ಕಟ್ಟಲಾರಂಭಿಸಿದ ಅವರ ಮೊದಲ ಹಾಡನ್ನು ನ್ಯೂಯಾರ್ಕಿನ ಜಾನಪದ ಸಂಗೀತ ಪತ್ರಿಕೆ 'ಬ್ರಾಡ್‌ಸೈಡ್' ಪ್ರಕಟಿಸಿತು.

ಅವರಿಗೆ ಹೆಸರು ತಂದ ಮೊದಲ ಹಾಡು 'ಸೊಸೈಟೀಸ್ ಚೈಲ್ಡ್'. ಬಿಳಿಯ ಹುಡುಗಿ ಕರಿಯ ಹುಡುಗನೊಬ್ಬನನ್ನು ಮೆಚ್ಚುವುದು, ಮನೆಯವರೂ ಶಾಲೆಯವರೂ ಅದನ್ನು ಒಪ್ಪದಿರುವುದು, ಕೊನೆಗೆ ಹುಡುಗಿಯೇ ಹಿಂದೆ ಸರಿಯುವುದು ಅದರ ವಸ್ತು. ಹಾಡನ್ನು ಧ್ವನಿಮುದ್ರಿಸಿಕೊಂಡ ಅಟ್ಲಾಂಟಿಕ್ ಕಂಪನಿ ಅದನ್ನು ಹೊರತರಲು ಒಪ್ಪಲಿಲ್ಲ. ವರ್ವ್ ಕಂಪನಿ ಹೊರತಂದಿತು. ಅನೇಕ ರೇಡಿಯೊ ಕೇಂದ್ರಗಳು ಅದನ್ನು ದೂರವಿಟ್ಟವು. 1967ರ ಏಪ್ರಿಲ್‌ನಲ್ಲಿ ಸಂಗೀತ ನಿರ್ದೇಶಕ ಲೆನರ್ಡ್ ಬರ್ನ್‌ಸ್ಟೈನ್ ಅವರು ಸಿಬಿಎಸ್ ದೂರದರ್ಶನ ಜಾಲದ ವಿಶೇಷ ಕಾರ್ಯಕ್ರಮವೊಂದರಲ್ಲಿ ಈ ಹುಡುಗಿಯನ್ನು ನಾಡಿಗೆ ಪರಿಚಯಿಸಿದ ಮೇಲೆಯೇ ಹಾಡು ಮೇಲೆದ್ದು ಹದಿನಾಲ್ಕನೆಯ ಸ್ಥಾನ ತಲಪಿತು. ಮೆಚ್ಚುಗೆಯ ಜೊತೆಗೆ ದ್ವೇಷದ ಪತ್ರಗಳೂ ಬಂದವು. ಆಗ ಅವರಿಗೆ ಹದಿನಾರು ವರ್ಷ.

ಹೀಗೆ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ ಜಾನಿಸ್ ಇಯನ್ ಮೂಲೆಯಲ್ಲಿ ಕುಳಿತ ಅಜ್ಞಾತ ಹುಡುಗಿಯಾಗಿರಲಿಲ್ಲ. ಆಗಲೇ ಧ್ವನಿಮುದ್ರಿಕೆ, ಪ್ರವಾಸ, ವಿವಾದಗಳ ನಡುವೆ ಇದ್ದರು. 'ಅಟ್ ಸೆವೆಂಟೀನ್' ಅನ್ನು ಅವರ ದಿನಚರಿಯ ಪುಟವೆಂದು ಓದಬಾರದು. ಬಾಲ್ಯದ ನೋವು ಅವರದೇ ಇರಬಹುದು, ಆದರೆ ಹಾಡಿನ ಹುಡುಗಿ ಅವರು ಆಲೋಚಿಸಿ ರೂಪಿಸಿದ ಪಾತ್ರ.

ಮೊದಲ ಯಶಸ್ಸು ಬಹುಕಾಲ ನಿಲ್ಲಲಿಲ್ಲ. ಮುಂದಿನ ಆಲ್ಬಮ್‌ಗಳು ಜನರ ಗಮನ ಸೆಳೆಯಲಿಲ್ಲ. ಇಪ್ಪತ್ತು ದಾಟುವಷ್ಟರಲ್ಲಿ ಹಳೆಯ ಹೆಸರಾಗಿಬಿಟ್ಟಿದ್ದ ಅವರನ್ನು ಜನ ಮತ್ತೆ ಗಮನಿಸುವಂತೆ ಮಾಡಿದ್ದು, ಅವರ 'ಜೆಸ್ಸಿ' ಎಂಬ ಹಾಡನ್ನು 1973ರಲ್ಲಿ ಪ್ರಸಿದ್ಧ ಗಾಯಕಿ ರಾಬರ್ಟಾ ಫ್ಲ್ಯಾಕ್ ಹಾಡಿದುದು. 1974ರಲ್ಲಿ ಕೊಲಂಬಿಯಾ ಕಂಪನಿಯಿಂದ 'ಸ್ಟಾರ್ಸ್' ಎಂಬ ಆಲ್ಬಮ್ ಬಂದಿತು. ಅದರ ಮರುವರ್ಷ ಬಂದ 'ಬಿಟ್ವೀನ್ ದ ಲೈನ್ಸ್' ಎಂಬ ಆಲ್ಬಮ್‌ನಲ್ಲಿ 'ಅಟ್ ಸೆವೆಂಟೀನ್' ಇದೆ.

ಅಡುಗೆಮನೆಯ ಮೇಜಿನ ಬಳಿ

ಹಾಡು ಹುಟ್ಟಿದ ಸಂದರ್ಭವನ್ನು ಅವರು ಅನೇಕ ಬಾರಿ ಹೇಳಿಕೊಂಡಿದ್ದಾರೆ. ತಾಯಿಯ ಮನೆಯಲ್ಲಿ, ಅಡುಗೆಮನೆಯ ಮೇಜಿನ ಬಳಿ ಕುಳಿತು ಗಿಟಾರಿನಲ್ಲಿ ಸಾಂಬಾ ಲಯದ ಪುಟ್ಟ ತುಣುಕೊಂದನ್ನು ನುಡಿಸುತ್ತಿದ್ದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬರಹವೊಂದು ಕಣ್ಣಿಗೆ ಬಿತ್ತು. ಅಮೆರಿಕದ ಸಿರಿವಂತ ಮನೆತನಗಳು ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳನ್ನು ಅದ್ದೂರಿಯ ನೃತ್ಯಕೂಟವೊಂದರಲ್ಲಿ ತಮ್ಮ ಸಮಾಜಕ್ಕೆ ಪರಿಚಯಿಸುವ ಪದ್ಧತಿಯುಂಟು. ಅಂಥ ಕೂಟದಿಂದ ತನ್ನ ಬಾಳು ಬದಲಾಗುತ್ತದೆಂದು ನಂಬಿದ್ದು, ಹಾಗಾಗಲಿಲ್ಲವೆಂದು ಹದಿನೆಂಟಕ್ಕೆ ಕಂಡುಕೊಂಡ ಯುವತಿಯ ಕುರಿತ ಬರಹ ಅದು. ಆ ಮಾತು ಮನಸ್ಸಿಗೆ ತಟ್ಟಿತು. ಆದರೆ ಇಂಗ್ಲಿಷಿನ 'ಹದಿನೆಂಟು' ಅವರು ನುಡಿಸುತ್ತಿದ್ದ ಲಯಕ್ಕೆ ಕೂಡಲಿಲ್ಲ. 'ಹದಿನೇಳು' ಕೂಡಿತು. ಇಂದು ಜಗತ್ತು ಆ ಹುಡುಗಿಯನ್ನು ಯಾವ ವಯಸ್ಸಿನಿಂದ ಗುರುತಿಸುತ್ತದೆಯೋ ಅದು ಛಂದಸ್ಸಿನ ಅಗತ್ಯದಿಂದ ಬಂದದ್ದು.

ಮೊದಲ ಭಾಗ ಬೇಗನೆ ಮೂಡಿದರೂ ಹಾಡು ಪೂರ್ತಿಯಾಗಲು ಸುಮಾರು ಮೂರು ತಿಂಗಳು ಹಿಡಿಯಿತು. ಬರೆದದ್ದು ತೀರ ಬಿಚ್ಚುಮಾತಿನದೆಂದು ತೋರಿ, ಇದನ್ನು ಜನರೆದುರು ಹಾಡುವುದು ಸಾಧ್ಯವೇ ಎಂಬ ಅಳುಕು ಅವರಿಗಿತ್ತು. ಹಾಡತೊಡಗಿದ ಮೊದಮೊದಲಿನಲ್ಲಿ ಅವರು ಕಣ್ಣು ಮುಚ್ಚಿಕೊಂಡೇ ಹಾಡುತ್ತಿದ್ದರಂತೆ. ಕೇಳುವವರು ನಗುತ್ತಿರುತ್ತಾರೆಂಬ ಭಯ ಅದಕ್ಕೆ ಕಾರಣ.

ಹಾಡಿನಲ್ಲಿರುವುದೇನು

ಹಾಡಿನ ಹುಡುಗಿ ಹೈಸ್ಕೂಲಿನ ವಿದ್ಯಾರ್ಥಿನಿ. ಮೊಡವೆಯಿಲ್ಲದ ಮುಖದ, ಬೇಗ ಮದುವೆಯಾಗುವ ಚೆಲುವೆಯರಿಗೆ ಮಾತ್ರ ಪ್ರೇಮ ಮೀಸಲು ಎಂದು ಆಕೆ ಕಂಡುಕೊಳ್ಳುತ್ತಾಳೆ. ಅವಳ ನೋವು ಶಾಲೆಯ ಪುಟ್ಟ ಆಚರಣೆಗಳಲ್ಲಿ ಕಾಣುತ್ತದೆ. ಫೆಬ್ರವರಿ 14ರ ಪ್ರೇಮಿಗಳ ದಿನದಂದು ಗೆಳೆಯ ಗೆಳತಿಯರು ಪರಸ್ಪರ ಕಾರ್ಡು ಕೊಡುತ್ತಾರೆ, ಅವಳಿಗೆ ಬರುವುದಿಲ್ಲ. ಬಾಸ್ಕೆಟ್‌ಬಾಲ್ ಆಡಲು ಎರಡು ತಂಡ ಹಂಚಿಕೊಳ್ಳುವಾಗ ನಾಯಕರು ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಅವಳ ಹೆಸರು ಬರುವುದಿಲ್ಲ. ಶುಕ್ರವಾರದ ಸಂಜೆ ಮನೆಯಲ್ಲಿ ಕುಳಿತು, ಫೋನಿನ ಆ ಕಡೆ ಪ್ರಿಯಕರನಿದ್ದಾನೆಂದು ಕಲ್ಪಿಸಿಕೊಳ್ಳುತ್ತಾಳೆ.

ನಮ್ಮ ಊರಿನ ಬೀದಿಗಳಲ್ಲಿ ಇಂಥ ಮಗುವಿಗೆ ಒಂದು ಹೆಸರುಂಟು: 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಎಳೆಯದೆಂದೋ ದುರ್ಬಲವೆಂದೋ ಅದನ್ನು ಆಟದಲ್ಲಿ ಓಡಾಡಲು ಬಿಡುತ್ತಾರೆ. ಔಟಾದರೂ ಗೆದ್ದರೂ ಎಣಿಸುವುದಿಲ್ಲ. ಕುತೂಹಲದ ಸಂಗತಿಯೆಂದರೆ ಈ ಹಾಡಿನ ಭಾಷೆಯಲ್ಲೂ ಆಟ ಮತ್ತು ಲೆಕ್ಕ ಎರಡೂ ಹೆಣೆದುಕೊಂಡಿವೆ. ಬಾಸ್ಕೆಟ್‌ಬಾಲಿನಿಂದ ತೊಡಗಿದ ಆಟದ ಮಾತು ಕೊನೆಗೆ ಒಬ್ಬರೇ ಕುಳಿತು ಆಡುವ ಇಸ್ಪೀಟಿಗೆ ಬಂದು ನಿಲ್ಲುತ್ತದೆ. ನಡುವೆ ಸಾಲಪತ್ರ, ಬಾಕಿ, ಜಮೆ ಎಂಬ ಬ್ಯಾಂಕಿನ ಪರಿಭಾಷೆ ಬರುತ್ತದೆ. ಪ್ರಾಯದ ಹುಡುಗ ಹುಡುಗಿಯರ ಒಲವಿನಲ್ಲಿಯೂ ಒಂದು ಮಾರುಕಟ್ಟೆಯಿದೆ, ಅಲ್ಲಿ ರೂಪವೂ ಮನೆತನವೂ ಬಂಡವಾಳ ಎಂಬ ತೀರ್ಪು ಆ ಪದಗಳಲ್ಲಡಗಿದೆ. ಗೆದ್ದವರೂ ಬೆಲೆ ತೆರುತ್ತಾರೆ ಎಂದು ಹಾಡು ನೆನಪಿಸುತ್ತದೆ. ಆದರೂ ಗೆದ್ದವರ ಸೋಲಿನಲ್ಲಿ ಸೋತವರಿಗೆ ಸಮಾಧಾನ ಸಿಕ್ಕಿತೆಂದು ಅದು ಹೇಳುವುದಿಲ್ಲ.

ಸರ್ವನಾಮಗಳ ಬಳಕೆಯೂ ಗಮನಾರ್ಹ. 'ನಾನು' ಎಂದು ಆರಂಭವಾಗುವ ಹಾಡು ಬೇಗನೆ 'ನಮ್ಮಂಥವರು' ಎಂದು ಅಗಲವಾಗುತ್ತದೆ, ಕಡೆಯಲ್ಲಿ ಮತ್ತೆ 'ನಾನು' ಎಂದು ಮುಗಿಯುತ್ತದೆ. ಕೊನೆಯಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರ ಕುರೂಪಿ ಬಾತುಮರಿಯ ಕಥೆಯ ನೆನಪಿದೆ. ಆ ಕಥೆಯಲ್ಲಿ ಮರಿ ಬೆಳೆದು ಹಂಸವಾಗುತ್ತದೆ. ಹಾಡಿನಲ್ಲಿ ಹಂಸ ಬರುವುದೇ ಇಲ್ಲ. ಕೇಳುಗರ ಮನಸ್ಸನ್ನು ತಣಿಸಲು ಸುಲಭವಾಗಿ ಕೈಗೆ ಸಿಗುತ್ತಿದ್ದ ಮುಕ್ತಾಯವನ್ನು ಅವರು ಬಳಸಲಿಲ್ಲ.

ನೋವಿಗೆ ಹಿತವಾದ ಲಯ

ಇಷ್ಟು ಕಹಿಯಾದ ವಸ್ತುವನ್ನು ಹೊತ್ತಿರುವುದು ಬ್ರೆಜಿಲಿನ ಬೊಸ್ಸಾ ನೋವಾ ಶೈಲಿಯ ಮೆಲುನಡೆಯ ಲಯ. ಮೃದುವಾದ ಗಿಟಾರು, ಹಿನ್ನೆಲೆಯಲ್ಲಿ ಹಗುರ ತಾಳ, ನಡುವೆ ಹಿತ್ತಾಳೆಯ ಊದುವಾದ್ಯವೊಂದರ ನಿಧಾನವಾದ ಆಲಾಪ. ದನಿಯನ್ನು ಅವರು ಎಲ್ಲಿಯೂ ಏರಿಸಿ ಅಳುವುದಿಲ್ಲ. ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವಷ್ಟೇ ದನಿ. ಬೊಸ್ಸಾ ನೋವಾವನ್ನು ಅಮೆರಿಕದ ಮನೆಗಳಿಗೆ ತಂದ ಹಾಡು 1964ರಲ್ಲಿ ಜನಪ್ರಿಯವಾದ 'ದ ಗರ್ಲ್ ಫ್ರಮ್ ಇಪನೀಮಾ'. ಕಡಲ ತೀರದಲ್ಲಿ ನಡೆದುಹೋಗುವ ಚೆಲುವೆಯನ್ನು ನೋಡುತ್ತ ನಿಂತವನ ಹಾಡು ಅದು. ಹತ್ತು ವರ್ಷಗಳ ತರುವಾಯ ಅದೇ ಬಗೆಯ ಲಯದಲ್ಲಿ, ಯಾರೂ ತಿರುಗಿ ನೋಡದ ಹುಡುಗಿ ತನ್ನ ಮಾತು ಹೇಳಿದಳು.

ಇನ್ನೊಂದು ಅಂಶವೆಂದರೆ ಕಾಲ. ಹಾಡು ಭೂತಕಾಲದಲ್ಲಿದೆ. ಬರೆಯುವಾಗ ಕವಯಿತ್ರಿಗೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷ. ಘಟನೆಯಿಂದ ದೂರ ಬಂದಿರುವ, ಆದರೆ ಮರೆಯದಿರುವ ಈ ನೆಲೆ ಮುಖ್ಯವಾದುದು. ಹದಿನೇಳರಲ್ಲಿರುವವರಿಗೆ ಇದು ಇಂದಿನ ಮಾತಾಗಿ ಕೇಳಿಸಿತು. ನಲವತ್ತರಲ್ಲಿರುವವರಿಗೆ ನೆನಪಾಗಿ ಕೇಳಿಸಿತು. ಹೀಗಾಗಿ ಹಾಡಿನ ಕೇಳುಗರು ಒಂದು ವಯಸ್ಸಿಗೆ ಸೀಮಿತವಾಗಲಿಲ್ಲ.

ಮಾರುಕಟ್ಟೆಯ ಲೆಕ್ಕ ತಪ್ಪಿದ್ದು

ಜನಪ್ರಿಯ ರೇಡಿಯೊಗೆ ಬೇಕಾದದ್ದು ಮೂರು ನಿಮಿಷದ, ಮೊದಲ ಬಾರಿಗೇ ನಾಲಗೆಗೆ ಹತ್ತುವ ಹಾಡು. ಹಾಡುಗಳು ಚಿಕ್ಕದಾದಷ್ಟೂ ಜಾಹೀರಾತಿಗೆ ಎಡೆ ಹೆಚ್ಚು. ಈ ಹಾಡಿನ ಆಲ್ಬಮ್ ರೂಪ ನಾಲ್ಕೂವರೆ ನಿಮಿಷಕ್ಕೂ ಮಿಕ್ಕಿದ್ದು, ಪದಗಳು ದಟ್ಟ, ಎಲ್ಲರೂ ಕೂಡಿ ಹಾಡುವಂಥ ಪಲ್ಲವಿಯಿಲ್ಲ. ವಸ್ತುವಂತೂ ಪಕ್ಷಕೂಟಗಳಿಗೆ ಒಗ್ಗದು. ರೇಡಿಯೊದ ಬಾಗಿಲು ಸುಲಭವಾಗಿ ತೆರೆಯಲಿಲ್ಲ.

ಪ್ರಚಾರದ ಹೊಣೆ ಹೊತ್ತವರು ಆಗ ಬೇರೆ ದಾರಿ ಹಿಡಿದರು. ಈ ಹಾಡು ಮೊದಲು ತಲಪಬೇಕಾದದ್ದು ಹೆಂಗಸರನ್ನು ಎಂದು ಎಣಿಸಿ, ಹಗಲು ಹೊತ್ತಿನ ದೂರದರ್ಶನ ಕಾರ್ಯಕ್ರಮಗಳಿಗೆ ಮೊರೆಹೋದರು. ಜಾನಿಸ್ ಇಯನ್ ತಿಂಗಳುಗಟ್ಟಲೆ ಊರೂರು ಸುತ್ತಿ ಅಂಥ ಕಾರ್ಯಕ್ರಮಗಳಲ್ಲಿ ಹಾಡಿದರು. ಹಗಲಿನಲ್ಲಿ ಮನೆಯಲ್ಲಿರುತ್ತಿದ್ದ ಗೃಹಿಣಿಯರು ಆ ಕಾರ್ಯಕ್ರಮಗಳ ಮುಖ್ಯ ನೋಟಕರು. ತಾವು ಹದಿನೇಳರಲ್ಲಿದ್ದಾಗ ಯಾರಿಗೂ ಹೇಳಿಕೊಳ್ಳಲಾಗದಿದ್ದುದನ್ನು ಅವರು ಈ ಹಾಡಿನಲ್ಲಿ ಕೇಳಿದರು. ಕೇಳಿದವರು ರೇಡಿಯೊ ಕೇಂದ್ರಗಳನ್ನೂ ಅಂಗಡಿಗಳನ್ನೂ ಕೇಳತೊಡಗಿದರು. ಕಡೆಗೆ ಜಾನಿ ಕಾರ್ಸನ್ ಅವರ ಹೆಸರಾಂತ ರಾತ್ರಿಯ ಕಾರ್ಯಕ್ರಮ 'ದ ಟುನೈಟ್ ಶೋ' ಕೂಡ ಕರೆಯಿತು.

ಆ ಬಳಿಕ ನಡೆದದ್ದು ದಾಖಲೆಯಲ್ಲಿದೆ. ಹಾಡು 'ಹಾಟ್ 100'ರಲ್ಲಿ ಮೂರನೆಯ ಸ್ಥಾನವನ್ನೂ ಪ್ರಾಯಸ್ಥ ಕೇಳುಗರ ಹಾಡುಗಳ ಪ್ರತ್ಯೇಕ ಪಟ್ಟಿಯಲ್ಲಿ ಮೊದಲ ಸ್ಥಾನವನ್ನೂ ಪಡೆಯಿತು. ಸೆಪ್ಟೆಂಬರ್‌ನಲ್ಲಿ ಆಲ್ಬಮ್ ನಾಡಿನ ಮೊದಲ ಸ್ಥಾನಕ್ಕೇರಿತು. 1975ರ ಅಕ್ಟೋಬರ್ 11ರಂದು, ಇಂದು 'ಸ್ಯಾಟರ್ಡೇ ನೈಟ್ ಲೈವ್' ಎಂದು ಹೆಸರಾಗಿರುವ ಹಾಸ್ಯ ಕಾರ್ಯಕ್ರಮದ ಮೊಟ್ಟಮೊದಲ ಸಂಚಿಕೆಯಲ್ಲಿ ಅವರು ಈ ಹಾಡು ಹಾಡಿದರು. ಮರುವರ್ಷ ಫೆಬ್ರವರಿಯಲ್ಲಿ ಜೂಡಿ ಕಾಲಿನ್ಸ್, ಲಿಂಡಾ ರಾನ್‌ಸ್ಟಾಟ್, ಒಲಿವಿಯಾ ನ್ಯೂಟನ್-ಜಾನ್, ಹೆಲೆನ್ ರೆಡ್ಡಿ ಅವರೊಡನೆ ಸ್ಪರ್ಧೆಯಲ್ಲಿದ್ದು, ಅತ್ಯುತ್ತಮ ಪಾಪ್ ಗಾಯಕಿಯ ಗ್ರಾಮಿ ಪ್ರಶಸ್ತಿ ಪಡೆದರು. 1977ರ ಪ್ರೇಮಿಗಳ ದಿನದಂದು ಅಭಿಮಾನಿಗಳು ಅವರಿಗೆ ನೂರಾರು ಕಾರ್ಡುಗಳನ್ನು ಕಳುಹಿಸಿದರು.

ಈ ಯಶಸ್ಸಿಗೆ ಕಾಲವೂ ಅನುಕೂಲವಾಗಿತ್ತು. 1972ರಲ್ಲಿ ಹೆಲೆನ್ ರೆಡ್ಡಿ ಅವರ 'ಐ ಆ್ಯಮ್ ವುಮನ್' ಮೊದಲ ಸ್ಥಾನ ಪಡೆದಿತ್ತು. 1975ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಸಾರಿತ್ತು. ಹೆಂಗಸರು ತಮ್ಮ ಬಾಳನ್ನು ಕುರಿತು ತೆರೆದು ಮಾತಾಡಲು ಆರಂಭಿಸಿದ್ದ ದಿನಗಳವು. ಆದರೆ ಹೆಲೆನ್ ರೆಡ್ಡಿ ಅವರ ಹಾಡು ಘೋಷಣೆಯಾದರೆ ಇದು ಒಪ್ಪಿಕೊಳ್ಳುವಿಕೆ. ಆರಿಸಲ್ಪಡದವರು ಕೆಲವೇ ಮಂದಿ ಎಂದು ಪ್ರತಿಯೊಬ್ಬರೂ ಭಾವಿಸಿದ್ದರು, ಏಕೆಂದರೆ ಆ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪ್ರತಿ ತರಗತಿಯಲ್ಲಿ ಸೌಂದರ್ಯ ರಾಣಿ ಒಬ್ಬಳೇ, ಉಳಿದವರೇ ಹೆಚ್ಚು. ಸಂಗೀತದ ವ್ಯಾಪಾರ ಎಣಿಕೆಗೆ ತೆಗೆದುಕೊಳ್ಳದೆ ಬಿಟ್ಟದ್ದು ಈ ಹೆಚ್ಚಿನವರನ್ನೇ.

ಉಚ್ಚರಿಸಲಾಗದ ಹೆಸರಿನವಳು

ಹಾಡಿನ ನಡುವೆ ಇನ್ನೊಬ್ಬ ಹುಡುಗಿ ಬರುತ್ತಾಳೆ. ಅವಳ ಕಣ್ಣು ಕಂದು ಬಣ್ಣದವು. ಉಟ್ಟದ್ದು ಬೇರೆಯವರು ಉಟ್ಟು ಬಿಟ್ಟ ಬಟ್ಟೆ. ಅವಳ ಹೆಸರನ್ನು ಕಥನ ಹೇಳುವವಳಿಗೆ ಎಂದೂ ಸರಿಯಾಗಿ ಉಚ್ಚರಿಸಲು ಬರಲಿಲ್ಲ. ಶ್ರೀಮಂತ ಸಂಬಂಧ ಹುಡುಕಿ ಮದುವೆಯಾಗುವವರ ಬಗೆಗೆ ಕನಿಕರವಿರಲಿ ಎಂಬರ್ಥದ ಮಾತನ್ನು ಅವಳಿಂದ ಹೇಳಿಸಲಾಗಿದೆ. ಇಡೀ ಹಾಡಿನಲ್ಲಿ ಈ ಮಾರುಕಟ್ಟೆಯನ್ನು ಹೊರಗೆ ನಿಂತು ನೋಡಿ, ಅದರ ವಿಷಯವಾಗಿ ತಿಳಿವಳಿಕೆಯ ಮಾತಾಡುವವಳು ಇವಳು. ಅಷ್ಟು ಹೇಳಿ ಅವಳು ಮರೆಯಾಗುತ್ತಾಳೆ. ಯಾರವಳು, ಎಲ್ಲಿಂದ ಬಂದವಳು ಎಂಬುದನ್ನು ಹಾಡು ತಿಳಿಸುವುದಿಲ್ಲ.

ಹಾಡಿನ ಹೆಸರಾಂತ ನೋವು ತನ್ನ ಹೆಸರನ್ನು ಯಾರೂ ಕರೆಯಲಿಲ್ಲ ಎಂಬುದು. ಹಾಗೆ ನೊಂದವಳೇ ಇನ್ನೊಬ್ಬಳ ಹೆಸರನ್ನು ಕಲಿಯಲಿಲ್ಲ. ಇದು ಕವಯಿತ್ರಿಗೆ ಅರಿವಿಲ್ಲದೆ ನುಸುಳಿದ ಮಾತೆಂದು ನನಗೆ ತೋರುವುದಿಲ್ಲ. ಲೆಕ್ಕಕ್ಕಿಲ್ಲದವರ ಸಾಲಿನ ಹಿಂದೆಯೂ ಇನ್ನೊಂದು ಸಾಲಿದೆ ಎಂಬುದನ್ನು ಹಾಡು ಯಾವ ವಿವರಣೆಯೂ ಇಲ್ಲದೆ ದಾಖಲಿಸಿದೆ.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರಿಗೆ ಆ ಎರಡನೆಯ ಹುಡುಗಿ ಅಪರಿಚಿತಳಲ್ಲ. ಹಾಜರಿ ಕರೆಯುವಾಗ ಅಧ್ಯಾಪಕರು ತಡವರಿಸಿದರೆ ಮುಂದಿನ ಹೆಸರು ತನ್ನದೇ ಎಂದು ನಮ್ಮ ಮಕ್ಕಳಿಗೆ ತಿಳಿದುಬಿಡುತ್ತದೆ. ಎಷ್ಟೋ ಮಕ್ಕಳು ತಾವಾಗಿಯೇ ಹೆಸರನ್ನು ಮೊಟಕುಗೊಳಿಸಿಕೊಳ್ಳುತ್ತಾರೆ. ಹೈಸ್ಕೂಲಿನ ಕೊನೆಯ ವರ್ಷದ ನೃತ್ಯಕೂಟ, ಪ್ರೇಮಿಗಳ ದಿನದ ಕಾರ್ಡು, ತಂಡಕ್ಕೆ ಆರಿಸುವ ಪದ್ಧತಿ ಇವೆಲ್ಲ ನಮಗೆ ಬಾಲ್ಯದ ಅನುಭವವಲ್ಲ. ಆದುದರಿಂದ ಅಲ್ಲಿ ಆಗುವ ಪೆಟ್ಟು ನಮ್ಮ ಕಣ್ಣಿಗೆ ಬೀಳುವುದೂ ಕಡಿಮೆ. ಅಂಕ ಚೆನ್ನಾಗಿ ಬಂದರೆ ಎಲ್ಲವೂ ಸರಿಯಾಗಿದೆಯೆಂದು ಭಾವಿಸುವ ತಂದೆತಾಯಿಗಳಿಗೆ, ಶುಕ್ರವಾರ ಸಂಜೆ ಕೋಣೆಯ ಬಾಗಿಲು ಹಾಕಿಕೊಳ್ಳುವ ಮಗಳ ಮೌನದ ಅರ್ಥವನ್ನು ಈ ಹಾಡು ಸ್ವಲ್ಪಮಟ್ಟಿಗೆ ತಿಳಿಸಬಲ್ಲದು. ನಮ್ಮ ನಡುವಿನ ಮದುವೆಯ ಮಾತುಕತೆಗಳಲ್ಲಿ ಬಣ್ಣ, ರೂಪ, ಸಂಬಳಗಳ ಲೆಕ್ಕ ಇಂದಿಗೂ ಸಾಗಿರುವಾಗ, ಹಾಡಿನ ಬ್ಯಾಂಕಿನ ಪರಿಭಾಷೆ ಬೇರೆ ನಾಡಿನದೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ.

ಆಮೇಲಿನ ವರ್ಷಗಳು

'ಅಟ್ ಸೆವೆಂಟೀನ್' ನಂತರ ಜಾನಿಸ್ ಇಯನ್ ಅವರ ಯಾವ ಹಾಡೂ ಅಮೆರಿಕದ ಪಟ್ಟಿಯಲ್ಲಿ ಅಷ್ಟು ಮೇಲೆ ಹೋಗಲಿಲ್ಲ. ಆದರೂ ಅವರು ಹಾಡುವುದನ್ನೂ ಬರೆಯುವುದನ್ನೂ ಬಿಡಲಿಲ್ಲ. 1993ರಲ್ಲಿ 'ಬ್ರೇಕಿಂಗ್ ಸೈಲೆನ್ಸ್' ಆಲ್ಬಮ್ ಹೊರಬಂದ ವೇಳೆಗೆ ತಾವು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿದರು. ಬಳಿಕ ಹಳೆಯ ಹಾಡಿನ ಒಂಟಿತನಕ್ಕೆ ಕೇಳುಗರು ಇನ್ನೊಂದು ಅರ್ಥವನ್ನೂ ಕಂಡರು. 2004ರ 'ಮೀನ್ ಗರ್ಲ್ಸ್' ಚಲನಚಿತ್ರದಲ್ಲಿ, ಶಾಲೆಯ ಚೆಲುವೆಯರ ಗುಂಪಿನಿಂದ ಹೊರಗುಳಿದ ಹುಡುಗಿಯೊಬ್ಬಳಿಗೆ ಜಾನಿಸ್ ಇಯನ್ ಎಂದೇ ಹೆಸರಿಟ್ಟರು. ಆ ಚಿತ್ರ ನೋಡಿದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಅದು ನಿಜವಾದ ಗಾಯಕಿಯ ಹೆಸರೆಂದು ತಿಳಿದಿರಲಾರದು. 2008ರಲ್ಲಿ 'ಸೊಸೈಟೀಸ್ ಚೈಲ್ಡ್' ಎಂಬ ಹೆಸರಿನಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಅದನ್ನು ಅವರೇ ಓದಿದ ಧ್ವನಿಪುಸ್ತಕಕ್ಕೆ 2013ರಲ್ಲಿ ಗ್ರಾಮಿ ದೊರೆಯಿತು. 2022ರಲ್ಲಿ ಕೊನೆಯ ಆಲ್ಬಮ್ ಹೊರತಂದು ವಿದಾಯದ ಪ್ರವಾಸ ಹೊರಟಿದ್ದಾಗ, ಧ್ವನಿತಂತುಗಳಿಗೆ ಆದ ಹಾನಿಯಿಂದ ಪ್ರವಾಸವನ್ನು ನಿಲ್ಲಿಸಬೇಕಾಯಿತು.

ಹಾಡನ್ನು ಕೇಳಬಯಸುವವರು ಮೊದಲ ಬಾರಿ ರಾಗಕ್ಕಾಗಿ ಕೇಳಲಿ. ಎರಡನೆಯ ಬಾರಿ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಆ ಕಂದುಗಣ್ಣಿನ ಹುಡುಗಿ ಬರುವ ಕಡೆ ಒಮ್ಮೆ ನಿಲ್ಲಲಿ. ಮನೆಯಲ್ಲಿ ಹದಿನೇಳರ ಆಸುಪಾಸಿನವರಿದ್ದರೆ ಅವರೊಡನೆ ಕುಳಿತು ಕೇಳುವುದು ಇನ್ನೂ ಒಳ್ಳೆಯದು. ಶಾಲೆಯಲ್ಲಿ ತಮ್ಮ ಹೆಸರನ್ನು ಹೇಗೆ ಕರೆಯುತ್ತಾರೆ ಎಂದು ಕೇಳಲು ಅದೊಂದು ನೆಪವಾದೀತು.